ನಡುರಾತ್ರಿಯ ಬೆವರು, ಮಾತ್ರೆ ಡಬ್ಬಿ ಮತ್ತು ಕ್ಯಾನ್ಸರ್ ಭಯ

ಆರೋಗ್ಯದ ಬಗ್ಗೆ ಸಾರ್ವಜನಿಕರಿಗಾಗಿ ನಡೆದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭೆಯಲ್ಲಿದ್ದವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಡುರಾತ್ರಿ ಮೈಯೆಲ್ಲ ಒದ್ದೆಯಾಗಿ ಎಚ್ಚರವಾಗಿ, ಕತ್ತಲಲ್ಲೇ ಕುತ್ತಿಗೆ ತಡವಿ ನೋಡಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಕೈ ಎತ್ತಬೇಡಿ. ಇದ್ದೀರಿ ಅಂತ ನನಗೆ ಗೊತ್ತು. ನಾನೂ ನಿಮ್ಮಲ್ಲಿ ಒಬ್ಬ. ಇವತ್ತಿನ ಮಾತು ಮೊದಲು ನಿಮಗೆ, ಆಮೇಲೆ ನಿಮ್ಮ ಪಕ್ಕದಲ್ಲಿ ಮಲಗಿರುವವರಿಗೆ.

ನಾನು ಫಾರ್ಮಸಿಸ್ಟ್. ಇಪ್ಪತ್ತು ವರ್ಷಕ್ಕೂ ಮೇಲೆ ಕೌಂಟರಿನಲ್ಲಿ ನಿಂತು ಮಾತ್ರೆ ಕೊಟ್ಟಿದ್ದೇನೆ. ಯಾವ ಮಾತ್ರೆಗೆ ಬಾಯಿ ಒಣಗುತ್ತದೆ, ಯಾವುದಕ್ಕೆ ತಲೆ ಸುತ್ತುತ್ತದೆ, ಯಾವುದನ್ನು ಊಟಕ್ಕೆ ಮುಂಚೆ ತಗೋಬೇಕು ಅಂತ ಹೇಳುವುದೇ ನನ್ನ ಕೆಲಸ. ಆದರೂ ನನ್ನ ಮೈ ಬೆವರಿದ ರಾತ್ರಿ ಅದ್ಯಾವುದೂ ನೆನಪಿಗೆ ಬರಲಿಲ್ಲ. ಬೇರೆಯವರಿಗೆ ದಿನಾ ಹೇಳುವ ಮಾತು ನನ್ನ ಹಾಸಿಗೆಯಲ್ಲಿ ನನಗೇ ಕೇಳಿಸಲಿಲ್ಲ. ಯಾಕೆ ಹೀಗಾಯಿತು ಅಂತ ತುಂಬ ದಿನ ಯೋಚಿಸಿದ್ದೇನೆ.

ಅಪ್ಪ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡು ಒಂದು ವರ್ಷವಾಗಿತ್ತು. ನನಗೆ ಕೂತಲ್ಲೇ ಎದೆ ಡವಡವ ಅನ್ನುವುದು, ನಿದ್ದೆ ಹತ್ತದಿರುವುದು ಶುರುವಾಯಿತು. ಮನೋವೈದ್ಯರು ನೋಡಿ ಸರ್ಟ್ರಲಿನ್ 25 ಮಿಲಿಗ್ರಾಂ ಬರೆದುಕೊಟ್ಟರು. ವಾರದ ನಂತರ 50 ಮಾಡಿದರು. ಆತಂಕಕ್ಕೆ ಒಳ್ಳೆಯ ಮಾತ್ರೆ ಅದು, ಈಗಲೂ ಹಾಗೇ ಹೇಳುತ್ತೇನೆ. ಆದರೆ ಇಂಥ ಮಾತ್ರೆಗಳ ಗುಣ ಕಾಣಲು ಕೆಲವು ವಾರ ಬೇಕು. ಅಡ್ಡಪರಿಣಾಮ ಮಾತ್ರ ಮೊದಲೇ ಬಂದುಬಿಡುತ್ತದೆ.

ಮೂರನೇ ವಾರ ಒಂದು ರಾತ್ರಿ ಎಚ್ಚರವಾಯಿತು. ಗಂಟೆ ಮೂರು ಕಾಲು. ಬನಿಯನ್ ಬೆನ್ನಿಗೆ ಅಂಟಿಕೊಂಡಿತ್ತು. ಕತ್ತಿನ ಬುಡದ ಗುಳಿಯಲ್ಲಿ ಬೆವರು ನಿಂತಿತ್ತು. ದಿಂಬು ಮುಟ್ಟಿದರೆ, ನನ್ನ ತಲೆ ಇದ್ದ ಜಾಗ ಪೂರ್ತಿ ಒದ್ದೆ, ಅಂಚು ಮಾತ್ರ ಒಣಗಿದೆ. ಹೊದಿಕೆ ಸರಿಸಿದ ಕೂಡಲೇ ಚಳಿ ಹಿಡಿಯಿತು. ಹೆಂಡತಿಗೆ ಗೊತ್ತಾಗಬಾರದು ಅಂತ ದಿಂಬನ್ನು ಮೆಲ್ಲಗೆ ಮಗುಚಿ ಹಾಕಿದೆ. ಪಕ್ಕದಲ್ಲಿ ಮಲಗಿದ್ದ ಅವಳಿಗೆ ಒಂದು ಹನಿಯೂ ಬೆವರಿಲ್ಲ. ಅಂದರೆ ಕೋಣೆಯ ಸೆಕೆ ಅಲ್ಲ ಇದು.

ಆಗ ಫೋನ್ ತೆಗೆದೆ. ಆ ಒಂದು ಕೆಲಸ ಮಾಡದೇ ಇದ್ದಿದ್ದರೆ ನನ್ನ ಮುಂದಿನ ನಾಲ್ಕು ತಿಂಗಳು ಬೇರೆ ಥರ ಇರುತ್ತಿತ್ತು ಅನಿಸುತ್ತದೆ. ರಾತ್ರಿ ಬೆವರಿಗೆ ಹತ್ತಾರು ಕಾರಣ ಬರೆದಿದ್ದರು. ಅದರಲ್ಲಿ ‘ಕೆಲವು ಔಷಧಗಳು’ ಅಂತಲೂ ಇತ್ತು. ನನ್ನ ಕಣ್ಣು ಅದರ ಮೇಲೆ ಹಾದುಹೋಯಿತು, ನಿಲ್ಲಲಿಲ್ಲ. ‘ಲಿಂಫೋಮಾ’ ಅನ್ನುವ ಪದದ ಮೇಲೆ ನಿಂತಿತು. ಲಿಂಫ್ ಗ್ರಂಥಿಗಳಿಗೆ ಬರುವ ಕ್ಯಾನ್ಸರ್ ಅದು, ಕುತ್ತಿಗೆಯಲ್ಲಿ ಗಂಟಾಗಿ ಕಾಣಿಸಬಹುದು. ಬೆಳಕು ಹರಿಯುವ ಹೊತ್ತಿಗೆ ಆ ಕ್ಯಾನ್ಸರ್‌ನ ನಾಲ್ಕೂ ಹಂತ ಓದಿ ಮುಗಿಸಿದ್ದೆ. ಇದು ನನ್ನೊಬ್ಬನ ಕಥೆಯಲ್ಲ. 2008ರಲ್ಲೇ ಮೈಕ್ರೋಸಾಫ್ಟ್‌ನ ಸಂಶೋಧಕರು ಇದನ್ನು ಗಮನಿಸಿ ಬರೆದಿದ್ದಾರೆ. ಸಾಮಾನ್ಯ ಲಕ್ಷಣವೊಂದನ್ನು ಹುಡುಕಲು ಹೊರಟವರು ಮೆಟ್ಟಿಲು ಹತ್ತಿದ ಹಾಗೆ ಅಪರೂಪದ, ಗಂಭೀರ ಕಾಯಿಲೆಗಳ ಕಡೆಗೇ ಹೋಗಿಬಿಡುತ್ತಾರೆ ಅಂತ.

ಬೆಳಿಗ್ಗೆ ಕನ್ನಡಿ ಮುಂದೆ ನಿಂತು ದವಡೆ ಕೆಳಗೆ ಒತ್ತಿ ನೋಡಿದೆ. ಬಟಾಣಿ ಕಾಳಿನಷ್ಟು ದೊಡ್ಡದು ಏನೋ ಬೆರಳಿಗೆ ಸಿಕ್ಕಿತು. ಒತ್ತಿದರೆ ಜಾರುತ್ತಿತ್ತು. ಆ ದಿನ ಎಷ್ಟು ಸಲ ಒತ್ತಿದೆನೋ ಲೆಕ್ಕವಿಲ್ಲ. ಚೀಟಿ ಓದುವಾಗ ಒಂದು ಕೈ, ಮಾತ್ರೆ ಎಣಿಸಿ ಮುಗಿದ ಕೂಡಲೇ ಇನ್ನೊಂದು ಕೈ. ಮೂರು ದಿನಕ್ಕೆ ಅಲ್ಲಿ ನೋವು ಬಂತು. ಈಗ ನೋವೂ ಇದೆ, ನೋಡು, ಇದು ಬೆಳೆಯುತ್ತಿದೆ ಅಂದುಕೊಂಡೆ. ಯಾವ ಜಾಗವನ್ನು ದಿನಕ್ಕೆ ಐವತ್ತು ಸಲ ಒತ್ತಿದರೂ ನೋವು ಬರುತ್ತದೆ, ಅಲ್ವಾ? ಅಷ್ಟು ಸರಳವಾದ ವಿಷಯ ಆಗ ಹೊಳೆಯಲಿಲ್ಲ.

ಕುತ್ತಿಗೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ದವಡೆ ಕೆಳಗೆ, ತೊಡೆಸಂದಿಯಲ್ಲಿ ಸಣ್ಣ ಲಿಂಫ್ ಗ್ರಂಥಿಗಳು ಎಷ್ಟೋ ಆರೋಗ್ಯವಂತರಿಗೆ ಕೈಗೆ ಸಿಗುತ್ತವೆ. ದವಡೆ ಕೆಳಗೆ ಜೊಲ್ಲು ಗ್ರಂಥಿಯೂ ಇದೆ, ಅದನ್ನೇ ಗಂಟು ಅಂದುಕೊಳ್ಳುವವರೂ ಇದ್ದಾರೆ. ಒಂದು ಸೆಂಟಿಮೀಟರ್‌ಗಿಂತ ಸಣ್ಣದು, ಮೆತ್ತಗಿರುವುದು, ಬೆರಳಿಗೆ ಜಾರುವುದು ಸಾಮಾನ್ಯವಾಗಿ ಗಾಬರಿಯ ವಿಷಯವಲ್ಲ. ಕಲ್ಲಿನ ಹಾಗೆ ಗಟ್ಟಿ, ಜಾಗ ಬಿಟ್ಟು ಅಲುಗದ್ದು, ವಾರದಿಂದ ವಾರಕ್ಕೆ ದೊಡ್ಡದಾಗುವುದು, ಕೊರಳಿನ ಎಲುಬಿನ ಮೇಲಿನ ಗುಳಿಯಲ್ಲಿ ಸಿಗುವುದು, ಇವನ್ನು ಡಾಕ್ಟರಿಗೆ ತೋರಿಸಲೇಬೇಕು. ಒಂದು ಸಲ ಅವರ ಕೈ ಮುಟ್ಟಿ ನೋಡಲಿ. ನಮ್ಮ ಕೈ ಐವತ್ತು ಸಲ ಮುಟ್ಟುವುದರಿಂದ ಏನೂ ಗೊತ್ತಾಗುವುದಿಲ್ಲ.

ಡಾಕ್ಟರ ಹತ್ತಿರ ನಾನೂ ಹೋದೆ. ರಕ್ತ ಪರೀಕ್ಷೆ ಮಾಡಿದರು, ಎದೆಯ ಎಕ್ಸ್-ರೇ ತೆಗೆದರು. ಎಲ್ಲ ಸರಿ ಇದೆ ಅಂದರು. ಎಷ್ಟು ಹಗುರವಾಯಿತು ಅಂದರೆ, ಹೊರಗೆ ಬಂದು ಒಬ್ಬನೇ ಅತ್ತೆ. ನಾಲ್ಕು ದಿನ ಚೆನ್ನಾಗಿದ್ದೆ. ಐದನೇ ದಿನ, ಲಿಂಫೋಮಾ ಇದ್ದರೂ ರಕ್ತ ಪರೀಕ್ಷೆ ಸರಿಯಾಗಿ ಬರಬಹುದು ಅಂತ ಎಲ್ಲೋ ಓದಿದೆ. ಆ ಮಾತು ನಿಜವೇ. ಮತ್ತೆ ಶುರುವಾಯಿತು. ಇನ್ನೊಬ್ಬ ಡಾಕ್ಟರು, ಇನ್ನೊಂದು ಸ್ಕ್ಯಾನ್. ಈ ಸಲ ಸಮಾಧಾನ ಎರಡೇ ದಿನ. ಮೂರನೇ ಸಲ ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಮುಗಿದಿತ್ತು.

ನಮ್ಮ ಕಸುಬಿನಲ್ಲಿ ಅರ್ಧಾಯುಷ್ಯ ಅಂತ ಒಂದು ಮಾತಿದೆ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ ಅದು. ಸರ್ಟ್ರಲಿನ್‌ಗೆ ಸುಮಾರು 26 ಗಂಟೆ. ‘ನಿಮಗೆ ಏನೂ ಇಲ್ಲ’ ಅನ್ನುವ ಮಾತಿಗೂ ಒಂದು ಅರ್ಧಾಯುಷ್ಯ ಇದೆ. ಔಷಧದ್ದು ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈ ಮಾತಿನದ್ದು ಕೇಳಿದ ಹಾಗೆಲ್ಲ ಕಡಿಮೆಯಾಗುತ್ತಾ ಹೋಗುತ್ತದೆ. ಆರೋಗ್ಯದ ಆತಂಕವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ನನಗೆ ಸಿಕ್ಕಿಲ್ಲ.

ಇದಕ್ಕೆ ತಿರುವು ಕೊಟ್ಟವರು ಒಬ್ಬ ಹಿರಿಯ ಡಾಕ್ಟರು. ನನ್ನ ಫೈಲನ್ನು ಅವರು ತೆರೆಯಲೇ ಇಲ್ಲ. ಪಕ್ಕಕ್ಕೆ ಇಟ್ಟು ಕೇಳಿದರು:

“ಯಾವ್ಯಾವ ಮಾತ್ರೆ ತಗೋತಿದ್ದೀರಿ?”

“ಸರ್ಟ್ರಲಿನ್, ಸರ್.”

“ಯಾವತ್ತು ಶುರು ಮಾಡಿದ್ರಿ? ತಾರೀಖು ಹೇಳಿ.”

ಹೇಳಿದೆ. ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡರು. “ಮೊದಲ ಸಲ ಬೆವರಿದ್ದು ಯಾವತ್ತು?” ಅದನ್ನೂ ಹೇಳಿದೆ. ಕೆಳಗೆ ಬರೆದರು. “ನಡುವೆ ಡೋಸ್ ಏನಾದರೂ ಜಾಸ್ತಿ ಮಾಡಿದ್ರಾ?” ಮಾಡಿದ್ದರು. ಎರಡು ತಿಂಗಳ ಹಿಂದೆ 100 ಮಾಡಿದ್ದರು. “ಬೆವರು ಜಾಸ್ತಿಯಾಗಿದ್ದು ಯಾವಾಗ?” ನಾನು ಬಾಯಿ ತೆರೆದೆ, ಹಾಗೇ ನಿಂತೆ. ಅದೇ ವಾರ. ಅವರು ಚೀಟಿಯನ್ನು ನನ್ನ ಕಡೆ ತಿರುಗಿಸಿ ಇಟ್ಟರು. ನಾಲ್ಕು ತಾರೀಖು, ಒಂದರ ಕೆಳಗೆ ಒಂದು. ಸಾವಿರಾರು ಜನರಿಗೆ ಆ ಮಾತ್ರೆಯನ್ನು ಕೈಯಾರೆ ಕೊಟ್ಟವನು ನಾನು.

ಸರಿ, ಇನ್ನು ಮಾತ್ರೆಗೂ ಬೆವರಿಗೂ ಏನು ನಂಟು ಅಂತ ನೋಡೋಣ.

ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಅನ್ನುವ ಸಣ್ಣ ಭಾಗವಿದೆ. ಮೈ ಎಷ್ಟು ಬಿಸಿ ಇರಬೇಕು ಅಂತ ಅಳೆದು ನಿಭಾಯಿಸುವುದು ಅದರ ಕೆಲಸ. ಬಿಸಿ ಜಾಸ್ತಿ ಅನಿಸಿದರೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆವರು ಗ್ರಂಥಿಗಳಿಗೆ ಅಪ್ಪಣೆ ಕೊಡುತ್ತದೆ. ನಮ್ಮ ಚರ್ಮದಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರು ಗ್ರಂಥಿಗಳಿವೆ. ರಾತ್ರಿ ಮಲಗಿದ ಮೇಲೆ ಮೈಯ ಒಳಗಿನ ಬಿಸಿ ತಾನಾಗಿಯೇ ಇಳಿಯುತ್ತದೆ, ಬೆಳಗಿನ ಜಾವದ ಹೊತ್ತಿಗೆ ಎಲ್ಲಕ್ಕಿಂತ ಕಡಿಮೆ ಆಗುತ್ತದೆ. ಅಂದರೆ ಎಲ್ಲರ ಮೈಯೂ ರಾತ್ರಿ ತಣ್ಣಗಾಗುವ ಕೆಲಸದಲ್ಲೇ ಇರುತ್ತದೆ. ಈ ಕೆಲಸದಲ್ಲಿ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಸೆರಟೋನಿನ್ ಮತ್ತು ನಾರ್‌ಅಡ್ರಿನಲಿನ್ ಮುಖ್ಯವಾದವು. ಖಿನ್ನತೆಗೆ, ಆತಂಕಕ್ಕೆ ಕೊಡುವ ಮಾತ್ರೆಗಳು ಕೈಹಾಕುವುದು ಇವೇ ಎರಡಕ್ಕೆ. ಮನಸ್ಸಿಗೆ ಬೇಕಾದ ಬದಲಾವಣೆ ಮಾಡುವಾಗ ಪಕ್ಕದಲ್ಲೇ ಇರುವ ಬಿಸಿಯ ಲೆಕ್ಕವೂ ಸ್ವಲ್ಪ ಅಲುಗಾಡುತ್ತದೆ.

ಹಾಗಾಗಿ ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್, ಎಸಿಟಲೋಪ್ರಾಮ್ ತಗೊಳ್ಳುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆವರು ಜಾಸ್ತಿಯಾಗುತ್ತದೆ. ವೆನ್ಲಾಫ್ಯಾಕ್ಸಿನ್, ಡುಲಾಕ್ಸೆಟಿನ್‌ನಲ್ಲೂ ಇದು ಸಾಮಾನ್ಯ. ಬಾಯಿ ಒಣಗಿಸುವ ಅಮಿಟ್ರಿಪ್ಟಿಲಿನ್ ಕೂಡ ಮೈ ಬೆವರಿಸಬಲ್ಲದು. ಹತ್ತರಲ್ಲಿ ಒಬ್ಬರು ಅನ್ನುವುದು ಸಣ್ಣ ಸಂಖ್ಯೆ ಅಲ್ಲ. ಈ ಸಭೆಯಲ್ಲಿ ಹತ್ತು ಜನ ಇಂಥ ಮಾತ್ರೆ ತಗೊಳ್ಳುತ್ತಿದ್ದರೆ ಒಬ್ಬರು ಇವತ್ತು ರಾತ್ರಿ ದಿಂಬು ಮಗುಚಬಹುದು. ಆ ಒಬ್ಬರು ಬಹಳ ಸಲ ಮೊದಲೇ ಆತಂಕ ಇರುವವರೇ ಆಗಿರುತ್ತಾರೆ, ಅದಕ್ಕೇ ತಾನೇ ಮಾತ್ರೆ ಕೊಟ್ಟಿರುವುದು. ಭಯಕ್ಕೆ ಕೊಟ್ಟ ಔಷಧ ಮೈಯಲ್ಲಿ ಒಂದು ಗುರುತು ಬಿಡುತ್ತದೆ, ಆ ಗುರುತನ್ನು ನೋಡಿ ಭಯ ಇನ್ನಷ್ಟು ಬಲಿಯುತ್ತದೆ, ಭಯ ಬಲಿತಿತು ಅಂತ ಡೋಸ್ ಏರುತ್ತದೆ, ಬೆವರು ಇನ್ನೂ ಜಾಸ್ತಿಯಾಗುತ್ತದೆ. ನಾನು ನಾಲ್ಕು ತಿಂಗಳು ಈ ಗಾಣದಲ್ಲಿ ಸುತ್ತಿದೆ. ‘ರಾತ್ರಿ ಬೆವರು ಬರಬಹುದು, ಬಂದರೆ ನನಗೆ ಫೋನ್ ಮಾಡಿ’ ಅಂತ ಮೊದಲ ದಿನವೇ ಯಾರಾದರೂ ಒಂದು ಮಾತು ಹೇಳಿದ್ದರೆ ಇದು ನಿಲ್ಲುತ್ತಿತ್ತು. ಆ ಮಾತು ಹೇಳಬೇಕಾದವರಲ್ಲಿ ನನ್ನಂಥ ಫಾರ್ಮಸಿಸ್ಟರೂ ಇದ್ದಾರೆ. ಈಗ ಆ ಮಾತ್ರೆ ಕೊಡುವಾಗ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಮನಸ್ಸಿನ ಮಾತ್ರೆಗಳಷ್ಟೇ ಅಲ್ಲ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್, ಟ್ರಮಡಾಲ್, ಮಾರ್ಫಿನ್‌ನಂಥ ನೋವಿನ ಔಷಧ, ಡೋಸ್ ಜಾಸ್ತಿಯಾದ ಥೈರಾಯ್ಡ್ ಮಾತ್ರೆ, ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್, ಎಲ್ಲವೂ ಬೆವರಿಸಬಹುದು. ಜ್ವರವಿದ್ದಾಗ ಪ್ಯಾರಾಸಿಟಮಾಲ್ ನುಂಗಿ ಮಲಗಿದರೆ ಜ್ವರ ಇಳಿಯುವಾಗ ಬೆವರು ಸುರಿಯುವುದು ನಿಮಗೆಲ್ಲ ಗೊತ್ತೇ ಇದೆ.

ಆದರೆ ಒಂದು ಗುಂಪಿನ ಬಗ್ಗೆ ನಿಧಾನವಾಗಿ ಹೇಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತಗೊಳ್ಳುವವರು ರಾತ್ರಿ ಬೆವರಿ ಎದ್ದರೆ ಅದು ಶುಗರ್ ಕುಸಿದ ಸೂಚನೆ ಇರಬಹುದು. ಆಗ ಕ್ಯಾನ್ಸರ್ ಬಗ್ಗೆಯೂ ಯೋಚಿಸಬೇಡಿ, ಸೈಡ್ ಎಫೆಕ್ಟ್ ಅಂತ ಸುಮ್ನೆ ಮಲಗಲೂ ಬೇಡಿ. ಎದ್ದು ಶುಗರ್ ನೋಡಿಕೊಳ್ಳಿ. 70ಕ್ಕಿಂತ ಕೆಳಗಿದ್ದರೆ ತಕ್ಷಣ ಸಕ್ಕರೆ ಅಥವಾ ಗ್ಲೂಕೋಸ್ ತಗೊಳ್ಳಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಬಿಪಿಗೆ, ಹೃದಯಕ್ಕೆ ಅಂತ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಶುಗರ್ ಇಳಿದಾಗ ಬರುವ ನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು. ಬೆವರು ಮಾತ್ರ ಮುಚ್ಚಿಹೋಗುವುದಿಲ್ಲ. ಅವರಿಗೆ ಬೆವರೇ ಎಚ್ಚರಿಕೆಯ ಗಂಟೆ.

ಇನ್ನು, ಸ್ತನ ಕ್ಯಾನ್ಸರ್‌ನಿಂದ ಗುಣವಾಗಿ ಟಮಾಕ್ಸಿಫೆನ್ ಅಥವಾ ಲೆಟ್ರೊಜೋಲ್ ತಗೊಳ್ಳುತ್ತಿರುವವರು. ಇವರ ಭಯ ನನ್ನ ಭಯದಂಥದ್ದಲ್ಲ. ಅವರು ಆ ಕಾಯಿಲೆಯನ್ನು ಕಂಡು ಬಂದವರು. ಒಬ್ಬ ತಾಯಿ ಎರಡು ವರ್ಷದಿಂದ ಟಮಾಕ್ಸಿಫೆನ್ ತಗೊಳ್ಳುತ್ತಿದ್ದರು. ಒಂದು ದಿನ ಕೌಂಟರ್ ಖಾಲಿಯಾಗುವವರೆಗೂ ಪಕ್ಕದಲ್ಲೇ ಕಾದು ನಿಂತಿದ್ದು, ಆಮೇಲೆ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು: “ರಾತ್ರಿ ಸೀರೆಯೆಲ್ಲ ಒದ್ದೆ ಆಗುತ್ತಪ್ಪಾ. ಅದು ಮತ್ತೆ ಬಂತಾ?” ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಎರಡು ವರ್ಷ! ಈ ಔಷಧಗಳು ಹೆಣ್ಣಿನ ಹಾರ್ಮೋನ್ ಆದ ಈಸ್ಟ್ರೋಜನ್‌ನ ಕೆಲಸವನ್ನು ತಡೆಯುತ್ತವೆ ಅಥವಾ ಅದು ತಯಾರಾಗುವುದನ್ನೇ ಕಡಿಮೆ ಮಾಡುತ್ತವೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಬರುವಂಥದ್ದೇ ಬಿಸಿ, ಬೆವರು ಇವುಗಳಿಂದಲೂ ಬರುತ್ತದೆ. ಅವರಿಗೆ ನಾನು ಎರಡೇ ಮಾತು ಹೇಳಿದೆ. ಇದು ಈ ಮಾತ್ರೆಯ ಬಹಳ ಸಾಮಾನ್ಯವಾದ ಪರಿಣಾಮ ಅಮ್ಮ. ಆದರೂ ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಈ ವಾರವೇ ಹೇಳಿ, ಅವರು ಬೇಕಾದ್ದು ನೋಡುತ್ತಾರೆ.

ಇಲ್ಲಿ ಒಂದು ವಿಚಿತ್ರ ಇದೆ. ಹೀಗೆ ಬರುವ ಬಿಸಿ, ಬೆವರನ್ನು ತಗ್ಗಿಸಲು ಡಾಕ್ಟರು ವೆನ್ಲಾಫ್ಯಾಕ್ಸಿನ್ ಕೊಡುವುದುಂಟು. ಕಡಿಮೆ ಡೋಸಿನ ಪ್ಯಾರಾಕ್ಸೆಟಿನ್‌ಗೆ ಇದೇ ಕೆಲಸಕ್ಕಾಗಿ ಅಮೆರಿಕದಲ್ಲಿ 2013ರಲ್ಲಿ ಅನುಮತಿ ಸಿಕ್ಕಿತು. ಒಬ್ಬರನ್ನು ಬೆವರಿಸುವ ಮಾತ್ರೆ ಇನ್ನೊಬ್ಬರ ಬೆವರು ನಿಲ್ಲಿಸುತ್ತದೆ! ಆದರೆ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್‌ಗಳನ್ನು ಟಮಾಕ್ಸಿಫೆನ್ ಜೊತೆ ಸಾಮಾನ್ಯವಾಗಿ ಕೊಡುವುದಿಲ್ಲ. ಟಮಾಕ್ಸಿಫೆನ್ ನಮ್ಮ ಮೈಯಲ್ಲಿ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೆಯೇ ಜೋರಾಗಿ ಕೆಲಸ ಮಾಡುವುದು. ಆ ಬದಲಾವಣೆಗೆ ಇವು ಅಡ್ಡ ಬರುತ್ತವೆ. ಅದಕ್ಕೇ ಹೇಳುವುದು, ಯಾವ ಡಾಕ್ಟರ ಹತ್ತಿರ ಹೋದರೂ ಎಲ್ಲ ಮಾತ್ರೆಗಳ ಡಬ್ಬಿಯನ್ನೂ ತಗೊಂಡು ಹೋಗಿ.

ಈಗ ಲಿಂಫೋಮಾಗೆ ಬರೋಣ. ಆ ಪದದಿಂದ ಓಡಿಹೋದರೆ ಭಯ ಕಡಿಮೆಯಾಗುವುದಿಲ್ಲ.

ರಾತ್ರಿ ಬೆವರು ಲಿಂಫೋಮಾದ ಲಕ್ಷಣ ಅಂತ ಎಲ್ಲ ಕಡೆ ಓದುತ್ತೀರಿ. ಸುಳ್ಳಲ್ಲ. 1971ರ ಆನ್ ಆರ್ಬರ್ ವಿಂಗಡಣೆಯಲ್ಲಿ ‘ಬಿ ಲಕ್ಷಣಗಳು’ ಅಂತ ಮೂರನ್ನು ಹೇಳಿದ್ದಾರೆ. ಕಾರಣವಿಲ್ಲದೆ 38 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವರ, ಹಾಸಿಗೆ ತೊಯ್ಯುವಂಥ ರಾತ್ರಿ ಬೆವರು, ಆರು ತಿಂಗಳಲ್ಲಿ ಮೈತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುವುದು. ಆದರೆ ಇದು ಯಾರಿಗಾಗಿ ಮಾಡಿದ ಪಟ್ಟಿ ಅಂತ ನೋಡಿ. ಗ್ರಂಥಿಯ ಚೂರು ತೆಗೆದು ಪರೀಕ್ಷಿಸಿ, ಲಿಂಫೋಮಾ ಅಂತ ಆಗಲೇ ಖಚಿತವಾದವರಿಗೆ. ಅವರ ಕಾಯಿಲೆ ಯಾವ ಹಂತದಲ್ಲಿದೆ ಅಂತ ಬರೆದುಕೊಳ್ಳಲು. ಬೆವರು ಬಂದವರಲ್ಲಿ ಲಿಂಫೋಮಾ ಹುಡುಕಲು ಮಾಡಿದ ಪಟ್ಟಿಯಲ್ಲ ಅದು.

ನಡುರಾತ್ರಿ ನಾನು ಮಾಡಿದ್ದು ಈ ಉಲ್ಟಾ ಲೆಕ್ಕ. ಲಿಂಫೋಮಾ ಇದ್ದವರಲ್ಲಿ ಕೆಲವರು ಬೆವರುತ್ತಾರೆ, ನಾನು ಬೆವರಿದೆ, ಆದ್ದರಿಂದ ನನಗೆ ಲಿಂಫೋಮಾ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ ನಿಜ. ಆದರೆ ಅಂಗಳ ಒದ್ದೆಯಾದಾಗಲೆಲ್ಲ ಮಳೆಯೇ ಬಂದಿರಬೇಕಾಗಿಲ್ಲ, ಯಾರೋ ನೀರು ಚೆಲ್ಲಿರುತ್ತಾರೆ. ಲೆಕ್ಕ ನೋಡಿ. ಜಗತ್ತಿನಲ್ಲಿ ಹಾಡ್ಜ್‌ಕಿನ್ ಮತ್ತು ಹಾಡ್ಜ್‌ಕಿನ್ ಅಲ್ಲದ ಅನ್ನುವ ಎರಡು ಬಗೆಯ ಲಿಂಫೋಮಾವೂ ಸೇರಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಆರೇಳು ಮಂದಿಗೆ ಹೊಸದಾಗಿ ಬರುತ್ತದೆ. ರಾತ್ರಿ ಬೆವರು? 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಬೇರೆ ಬೇರೆ ತೊಂದರೆಗೆ ಅಂತ ಸಾಮಾನ್ಯ ವೈದ್ಯರ ಹತ್ತಿರ ಬಂದ 2267 ಜನರನ್ನು ಕೇಳಿದರು. ಕಳೆದ ಒಂದು ತಿಂಗಳಲ್ಲಿ ರಾತ್ರಿ ಬೆವರಿದ್ದೇವೆ ಅಂದವರು ನೂರಕ್ಕೆ 41. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನಾನು ಇವನ್ನು ಒಂದು ಕಾಗದದಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದೆ.

ಹಾಗಂತ ಬೆವರನ್ನು ಕಡೆಗಣಿಸಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ಬೆವರಿನ ಜೊತೆ ಜ್ವರ ಮರಳಿ ಮರಳಿ ಬರುತ್ತಿದ್ದರೆ, ತಿನ್ನುವುದು ಕಡಿಮೆ ಮಾಡದೆಯೂ ತೂಕ ಇಳಿಯುತ್ತಿದ್ದರೆ, ಗಂಟು ಬೆಳೆಯುತ್ತಿದ್ದರೆ, ಕೆಮ್ಮು ಎರಡು ವಾರ ದಾಟಿದ್ದರೆ, ಕಫದಲ್ಲಿ ರಕ್ತ ಕಂಡರೆ ತಡ ಮಾಡಬೇಡಿ. ಮಾತ್ರೆ ಹಳೆಯದು, ಬೆವರು ಹೊಸದು, ಕಾರಣವೇ ಗೊತ್ತಾಗುತ್ತಿಲ್ಲ ಅಂದರೂ ತೋರಿಸಿ. ಕ್ಷಯ ರೋಗವೂ ಹೀಗೇ ರಾತ್ರಿ ಬೆವರಿಸುತ್ತದೆ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು ಒಂದು ಕೋಟಿ ಜನಕ್ಕೆ ಕ್ಷಯ ಹೊಸದಾಗಿ ತಗಲುತ್ತದೆ. ಲಿಂಫೋಮಾಗಿಂತ ಅದು ಎಷ್ಟೋ ಪಾಲು ಜಾಸ್ತಿ, ಹೆಚ್ಚಿನವರಲ್ಲಿ ಆರು ತಿಂಗಳ ಔಷಧದಲ್ಲಿ ವಾಸಿಯಾಗುತ್ತದೆ. ಥೈರಾಯ್ಡ್ ಜಾಸ್ತಿಯಾಗಿರುವುದು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕುಡಿತ, ಕುಡಿತ ಬಿಟ್ಟ ಮೊದಲ ದಿನಗಳು ಎಲ್ಲವೂ ಕಾರಣ ಇರಬಹುದು. ಒಂದು ಸಲ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ. ಮುಟ್ಟಿ ನೋಡುವುದು, ತೂಕ, ಜ್ವರದ ಲೆಕ್ಕ, ರಕ್ತ ಪರೀಕ್ಷೆ, ಥೈರಾಯ್ಡ್, ಬೇಕಿದ್ದರೆ ಎಕ್ಸ್-ರೇ. ಮುಂದೆ ಏನು ಅಂತ ಅದನ್ನು ನೋಡಿದ ಡಾಕ್ಟರು ಹೇಳಲಿ. ಹೊಸದಾಗಿ ಏನೂ ಬದಲಾಗದೆ ಅದೇ ಪರೀಕ್ಷೆಯನ್ನು ಮೂರನೇ ಸಲ ಮಾಡಿಸುವುದು ಬೆವರಿಗೆ ಮಾಡುವ ಚಿಕಿತ್ಸೆಯಲ್ಲ.

ಭಯಕ್ಕೆ ಬೇರೆಯದೇ ಚಿಕಿತ್ಸೆ ಇದೆ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ‘ಎಲ್ಲ ನಿನ್ನ ತಲೆಯಲ್ಲಿ ಇರುವುದು’ ಅಂತ ಯಾರಾದರೂ ಅಂದರೆ ಸಿಟ್ಟು ಬರುತ್ತಿತ್ತು. ತಲೆಯಲ್ಲಿ ಅಲ್ಲ, ದಿಂಬಿನಲ್ಲಿ ಇದೆ ಬೆವರು, ಮುಟ್ಟಿ ನೋಡಿ ಅನ್ನಬೇಕು ಅನಿಸುತ್ತಿತ್ತು. ಬೆವರು ನಿಜ, ಭಯವೂ ನಿಜ. ಆ ಎರಡರ ನಡುವೆ ನಾನು ಕಟ್ಟಿದ್ದ ಕಥೆಯೊಂದೇ ತಪ್ಪು. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಿಂದ ತನಗೆ ದೊಡ್ಡ ಕಾಯಿಲೆ ಇದೆ ಅನ್ನುವ ಭಯಕ್ಕೆ ಇದ್ದ ‘ಹೈಪೋಕಾಂಡ್ರಿಯಾಸಿಸ್’ ಅನ್ನುವ ಹಳೆಯ ಹೆಸರನ್ನು ತೆಗೆದುಹಾಕಿದರು. ಅದು ಬೈಗುಳದ ಹಾಗೆ ಆಗಿಬಿಟ್ಟಿತ್ತು. ಒಳ್ಳೆಯ ಕೆಲಸ ಮಾಡಿದರು.

ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಬ್ರಿಟನ್ನಿನಲ್ಲಿ ಆಸ್ಪತ್ರೆಗಳಿಗೆ ಬರುತ್ತಿದ್ದ, ಆರೋಗ್ಯದ ಆತಂಕ ತೀವ್ರವಾಗಿದ್ದ 444 ಜನರ ಮೇಲೆ ನಡೆದ ಅಧ್ಯಯನ 2014ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಐದರಿಂದ ಹತ್ತು ಸಲ ಕೂತು ಮಾಡುವ ಚಿಕಿತ್ಸೆ. ಒಂದು ವರ್ಷದ ನಂತರವೂ ಅದನ್ನು ಪಡೆದವರ ಆತಂಕ ಉಳಿದವರಿಗಿಂತ ಕಡಿಮೆ ಇತ್ತು.

ನನ್ನ ಚಿಕಿತ್ಸಕಿ ಮೊದಲ ದಿನ ಕೊಟ್ಟ ಕೆಲಸ ಇಷ್ಟೇ. ಕುತ್ತಿಗೆಗೆ ಕೈ ಹೋದಾಗಲೆಲ್ಲ ಒಂದು ಗೆರೆ ಎಳೆಯಿರಿ, ನಿಲ್ಲಿಸಬೇಡಿ, ಬರೀ ಎಣಿಸಿ. ಮೊದಲ ದಿನ 63 ಗೆರೆ. ನನಗೇ ನಂಬಲಾಗಲಿಲ್ಲ. ಆಮೇಲೆ ಮುಟ್ಟುವುದನ್ನು ಹತ್ತು ನಿಮಿಷ ಮುಂದಕ್ಕೆ ಹಾಕಲು ಹೇಳಿದರು. ಹತ್ತು ನಿಮಿಷದಲ್ಲಿ ಕೈ ಚಡಪಡಿಸುತ್ತದೆ, ಎದೆ ಬಡಿಯುತ್ತದೆ, ಆಮೇಲೆ ಅದು ತಾನಾಗಿ ಇಳಿಯುತ್ತದೆ. ಮುಟ್ಟದೆಯೇ ಇಳಿಯುತ್ತದೆ! ಇದನ್ನು ಪುಸ್ತಕದಲ್ಲಿ ಓದಿದರೆ ಆಗುವುದಿಲ್ಲ, ಮೈಗೆ ಗೊತ್ತಾಗಬೇಕು. ಆರನೇ ವಾರಕ್ಕೆ ದಿನಕ್ಕೆ ನಾಲ್ಕೈದು ಗೆರೆಗೆ ಬಂದಿತ್ತು. ದವಡೆ ಕೆಳಗಿನ ನೋವು ಯಾವಾಗ ಹೋಯಿತೋ ಗಮನಕ್ಕೇ ಬರಲಿಲ್ಲ.

ಬೆವರಿಗೂ ದಾರಿ ಸಿಕ್ಕಿತು. ಮನೋವೈದ್ಯರು ಡೋಸನ್ನು ಮೆಲ್ಲಗೆ 50ಕ್ಕೆ ಇಳಿಸಿದರು, ರಾತ್ರಿ ತಗೊಳ್ಳುತ್ತಿದ್ದದ್ದನ್ನು ಬೆಳಿಗ್ಗೆಗೆ ಬದಲಿಸಿದರು. ಕೆಲವರಿಗೆ ಬೇರೆ ಮಾತ್ರೆ ಕೊಡುತ್ತಾರೆ, ಕೆಲವರಿಗೆ ಬೆವರು ತಗ್ಗಿಸುವ ಇನ್ನೊಂದು ಔಷಧ ಸೇರಿಸುತ್ತಾರೆ. ಮಾತ್ರೆಯಿಂದ ಗುಣ ಚೆನ್ನಾಗಿ ಸಿಕ್ಕಿದ್ದರೆ, ಬೆವರು ಅಷ್ಟೇನೂ ತೊಂದರೆ ಕೊಡದಿದ್ದರೆ ಹಾಗೇ ಮುಂದುವರಿಯುವವರೂ ಇದ್ದಾರೆ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಸಭೆಯಲ್ಲಿದ್ದವರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೆಳಗೆ ಬರೆದಿದ್ದೇನೆ.

ಒಬ್ಬ ಯುವಕ ಕೇಳಿದ: “ಸರ್, ಮಾತ್ರೆಯಿಂದಲೇ ಬೆವರು ಅಂತ ಗೊತ್ತಾದ ಮೇಲೆ ನಾಳೆಯಿಂದಲೇ ನಿಲ್ಲಿಸಬಹುದಲ್ವಾ?”

ದಯವಿಟ್ಟು ಬೇಡ. ಇಂಥ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ಕಿರಿಕಿರಿ, ತಲೆಯೊಳಗೆ ಕರೆಂಟ್ ಹೊಡೆದ ಅನುಭವ ಬರಬಹುದು. ಬೆವರೂ ಬರಬಹುದು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬಿಟ್ಟಾಗ ಇದು ಜಾಸ್ತಿ. ಆಗ ನೀವು ‘ಮಾತ್ರೆ ಬಿಟ್ಟರೂ ಬೆವರುತ್ತಿದ್ದೇನೆ, ಹಾಗಾದರೆ ಇದು ಕ್ಯಾನ್ಸರೇ’ ಅಂತ ನಿರ್ಧರಿಸಿಬಿಡುತ್ತೀರಿ. ಅದೇ ನನಗೆ ಹೆದರಿಕೆ. ಎರಡು ತಾರೀಖು ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಶುರುವಾದ ದಿನ, ಬೆವರು ಶುರುವಾದ ದಿನ. ಡೋಸ್ ಬದಲಾದ ದಿನವೂ ಇದ್ದರೆ ಇನ್ನೂ ಒಳ್ಳೆಯದು.

ಒಬ್ಬ ಹೆಣ್ಣುಮಗಳು ಕೇಳಿದರು: “ನಮ್ಮ ಯಜಮಾನ್ರು ದಿನಾ ರಾತ್ರಿ ಕುತ್ತಿಗೆ ತೋರಿಸ್ತಾರೆ. ಏನೂ ಇಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ಏನು ಮಾಡ್ಲಿ?”

ಈ ಪ್ರಶ್ನೆಗೆ ಉತ್ತರ ಹೇಳುವಾಗ ನನ್ನ ಹೆಂಡತಿ ನೆನಪಾದಳು. ಅವಳೂ ಹೀಗೇ ಸೋತಿದ್ದಳು. ಮುಟ್ಟಿ ನೋಡಿ ‘ಏನೂ ಇಲ್ಲ’ ಅನ್ನುವುದು ಪ್ರೀತಿಯಿಂದಲೇ. ಆದರೆ ಅದು ಆ ಅರ್ಧಾಯುಷ್ಯದ ಔಷಧ, ನಾಳೆ ರಾತ್ರಿ ಮತ್ತೆ ಬೇಕಾಗುತ್ತದೆ. ಇಬ್ಬರೂ ಹಗಲಿನಲ್ಲಿ, ಸಮಾಧಾನವಾಗಿದ್ದಾಗ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ನಾನು ಗಂಟು ನೋಡುವುದಿಲ್ಲ, ಆದರೆ ನಿಮಗೆ ಭಯ ಆದಾಗ ಪಕ್ಕದಲ್ಲಿ ಕೂರುತ್ತೇನೆ ಅಂತ. ನನ್ನ ಹೆಂಡತಿ ಹಾಗೆ ಮಾಡಿದ ಮೊದಲ ರಾತ್ರಿ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಅವಳು ಒಣ ಬನಿಯನ್ ತಂದುಕೊಟ್ಟು, ಏನೂ ಮಾತಾಡದೆ ಕೈ ಹಿಡಿದು ಕೂತಳು. ಇಪ್ಪತ್ತು ನಿಮಿಷ ಇರಬಹುದು. ಆಮೇಲೆ ಇಬ್ಬರೂ ಮಲಗಿದೆವು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತು ಕೇಳಿದರು: “ಈಗಲೂ ಬೆವರ್ತೀರಾ?”

ಹೌದು, ಕೆಲವು ರಾತ್ರಿ. ಹಾಸಿಗೆಯ ಪಕ್ಕದಲ್ಲಿ ಒಂದು ಬನಿಯನ್, ಒಂದು ಟವೆಲ್ ಮಡಿಸಿ ಇಟ್ಟಿರುತ್ತೇನೆ. ಫೋನ್ ಮಾತ್ರ ಪಕ್ಕದ ಕೋಣೆಯಲ್ಲಿ ಚಾರ್ಜಿಗೆ ಹಾಕಿರುತ್ತೇನೆ.